ಎಂಜಿಬಿ ಸಸ್ಪೆನ್ಷನ್: ಕಿಟ್ ಕೊಳ್ಳುವ ಮೊದಲು ಕಿಂಗ್‌ಪಿನ್ ನೋಡಿ

ಪ್ರಶ್ನೆ: ನಾನು ಹಾಸನದವನು, ಈಗ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ನೆಲೆಸಿದ್ದೇನೆ. ಕಳೆದ ವರ್ಷ 1972ರ ಎಂಜಿಬಿ ರೋಡ್‌ಸ್ಟರ್ (ತೆರೆದ ಮೇಲ್ಭಾಗದ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಕೊಂಡೆ. ಕ್ರೋಮ್ ಬಂಪರ್, ವೈರ್ ವೀಲ್ ಇರುವ ಕಾರು. ಗಂಟೆಗೆ 50 ಮೈಲಿ ದಾಟಿದರೆ ನೇರವಾಗಿ ಓಡದೆ ಅತ್ತಿತ್ತ ಎಳೆಯುತ್ತದೆ. ಬ್ರೇಕ್ ಒತ್ತಿದಾಗ ಮುಂಭಾಗದಿಂದ ಟಕ್ ಎಂಬ ಸದ್ದು ಬರುತ್ತದೆ. ಹಿಂದೆ ಎಡಬದಿ ತಗ್ಗಿದೆ. ಚಳಿಗಾಲದಲ್ಲಿ ಸಸ್ಪೆನ್ಷನ್ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಬೇಕೆಂದಿದ್ದೇನೆ. ಕ್ಯಾಟಲಾಗ್ ತೆರೆದರೆ ಪಾಲಿಯುರೆಥೇನ್ ಬುಷ್ (ಕೀಲುಗಳಲ್ಲಿ ಕೂರುವ ಮೆತ್ತೆಯ ಉಂಗುರ) ಕಿಟ್, ಕೊಳವೆಯೊಳಗೆ ಕೊಳವೆ ಜಾರುವ ಟೆಲಿಸ್ಕೋಪಿಕ್ ಶಾಕ್ ಅಬ್ಸಾರ್ಬರ್, ಕಾರನ್ನು ತಗ್ಗಿಸುವ ಸ್ಪ್ರಿಂಗ್, ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ದಪ್ಪನೆಯ ಆಂಟಿ ರೋಲ್ ಬಾರ್ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಯಾವುದು ಬೇಕು, ಯಾವುದು ಬೇಡ? ಇವನ್ನು ಹಾಕಿದರೆ ಕಾನೂನಿನ ತೊಡಕೇನಾದರೂ ಉಂಟೆ?

ಉತ್ತರ: ನೀವು ಹೆಸರಿಸಿದ ನಾಲ್ಕು ವಸ್ತುಗಳಲ್ಲಿ ಒಂದೂ ನೀವು ಹೇಳಿದ ಮೂರು ತೊಂದರೆಗಳಿಗೆ ಮದ್ದಲ್ಲ. ಕ್ಯಾಟಲಾಗ್ ಬರೆಯುವವರು ಕಾರು ಚೆನ್ನಾಗಿದೆ ಎಂದು ಊಹಿಸಿಕೊಂಡು ಅದನ್ನು ಇನ್ನಷ್ಟು ಚುರುಕಾಗಿಸುವ ವಸ್ತು ಮಾರುತ್ತಾರೆ. ನಿಮ್ಮ ಕಾರು ಸವೆದಿದೆ. ಸವೆದ ಕಾರಿಗೆ ಬಿಗಿಯಾದ ಸ್ಪ್ರಿಂಗ್ ಹಾಕಿದರೆ ಸಡಿಲವಾಗಿರುವ ಕೀಲುಗಳ ಮೇಲೆ ಹೊಡೆತ ಹೆಚ್ಚಾಗುತ್ತದೆಯೇ ಹೊರತು ಸಡಿಲ ಹೋಗುವುದಿಲ್ಲ.

ಕಾರಿನ ರಚನೆಯನ್ನು ಸ್ವಲ್ಪ ತಿಳಿದರೆ ಏನು ಕೊಳ್ಳಬೇಕೆಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಸಿಡ್ ಎನೆವರ್ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಎಂಜಿಬಿ 1962ರಲ್ಲಿ ಅಬಿಂಗ್ಡನ್ ಕಾರ್ಖಾನೆಯಿಂದ ಹೊರಬಂದಿತು, 1980ರವರೆಗೂ ತಯಾರಾಯಿತು. ಅದರ ಮುಂದಿನ ಸಸ್ಪೆನ್ಷನ್ ಆಗಲೇ ಹಳೆಯದಾಗಿತ್ತು. ಅದರ ಮೂಲ 1947ರ ಎಂಜಿ ವೈ ಮಾದರಿಯ ಸೆಡಾನಿನಲ್ಲಿದೆ, ಎಂಜಿಬಿಗೂ ಮೊದಲಿನ ಎಂಜಿಎ ಕಾರಿನ ಮೂಲಕ ಇದಕ್ಕೆ ಬಂದಿತು. ಕೆಳಗೆ ವಿಶ್‌ಬೋನ್ (ಚಕ್ರವನ್ನು ಕಾರಿಗೆ ಕೀಲಿನಿಂದ ಜೋಡಿಸುವ ಕವಲು ತೋಳು), ನಡುವೆ ಕಾಯಿಲ್ ಸ್ಪ್ರಿಂಗ್, ಮೇಲೆ ಆರ್ಮ್‌ಸ್ಟ್ರಾಂಗ್ ಕಂಪನಿಯ ಲಿವರ್ ಮಾದರಿಯ ಶಾಕ್ ಅಬ್ಸಾರ್ಬರ್. ಇಲ್ಲಿಯೇ ಮುಖ್ಯ ಸಂಗತಿ ಇದೆ. ಮುಂದಿನ ಶಾಕ್ ಅಬ್ಸಾರ್ಬರಿನ ಎರಡು ತೋಳುಗಳೇ ಮೇಲಿನ ವಿಶ್‌ಬೋನ್. ಅಂದರೆ ಅದು ಕುಲುಕಾಟ ತಡೆಯುವುದರ ಜೊತೆಗೆ ಚಕ್ರವನ್ನು ಹಿಡಿದು ನಿಲ್ಲಿಸುವ ಕೆಲಸವನ್ನೂ ಮಾಡುತ್ತದೆ. ಹಿಂದೆ ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗ್. ನಮ್ಮ ಲಾರಿಯವರು ಪ್ಲೇಟ್ ಎನ್ನುವ ಅದೇ ವಸ್ತು. ಊರಿನಲ್ಲಿ ಅಂಬಾಸಿಡರ್ ಕಾರಿನ ಕೆಳಗೆ ಇಣುಕಿ ನೋಡಿದವರಿಗೆ ಹಿಂಭಾಗ ಹೊಸದೆನಿಸುವುದಿಲ್ಲ. ಎಂಜಿಬಿಯ 1798 ಸಿಸಿ ಎಂಜಿನ್ ಕೂಡ ಹಳೆಯ ಅಂಬಾಸಿಡರಿನ 1489 ಸಿಸಿ ಎಂಜಿನ್ನಿನ ಅಣ್ಣನೇ. ಎರಡೂ ಬಿಎಂಸಿ ಕಂಪನಿಯ ಬಿ ಸರಣಿಯವು.

ಹಾಗಾಗಿ ಒಂದು ಪೌಂಡ್ ಖರ್ಚು ಮಾಡುವ ಮೊದಲು ಒಂದು ಶನಿವಾರ ಮಧ್ಯಾಹ್ನ ಪರೀಕ್ಷೆಗೆ ಮೀಸಲಿಡಿ. ಮೊದಲು ಟೈರ್. ಅದರ ಬದಿಯಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರವನ್ನು, ಉಳಿದೆರಡು ವರ್ಷವನ್ನು ಹೇಳುತ್ತವೆ. ಹತ್ತು ವರ್ಷ ದಾಟಿದ ಟೈರಿನ ಮೇಲೆ ಸಸ್ಪೆನ್ಷನ್ ಬಗ್ಗೆ ತೀರ್ಮಾನ ಕೊಡುವುದು ವ್ಯರ್ಥ. ರಬ್ಬರ್ ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಒಳಗೆ ಗಟ್ಟಿಯಾಗಿರುತ್ತದೆ, ಕಾರು ಅಲೆದಾಡುತ್ತದೆ.

ಆಮೇಲೆ ಕಿಂಗ್‌ಪಿನ್, ಅಂದರೆ ಮುಂದಿನ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ನಿಂತ ಕಡ್ಡಿ. ಕೆಳಗಿನ ಸ್ಪ್ರಿಂಗ್ ತಟ್ಟೆಯ ಅಡಿಗೆ ಜಾಕ್ ಕೊಟ್ಟು ಚಕ್ರವನ್ನು ನೆಲದಿಂದ ತುಸು ಎತ್ತಿ, ಕಾರನ್ನು ಸ್ಟ್ಯಾಂಡಿನ ಮೇಲೆ ಭದ್ರಪಡಿಸಿ. ಚಕ್ರದ ಮೇಲ್ತುದಿ ಮತ್ತು ಕೆಳತುದಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಆಟ, ಅಂದರೆ ಸಡಿಲ, ಇದ್ದರೆ ಮನೆಯವರಲ್ಲಿ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಆಟ ಮಾಯವಾದರೆ ದೋಷ ಚಕ್ರದ ಬೇರಿಂಗಿನದು. ಹಾಗೆಯೇ ಉಳಿದರೆ ಕಿಂಗ್‌ಪಿನ್ನಿನದು, ಇಲ್ಲವೇ ಅದರ ಮೇಲಿನ ಅಥವಾ ಕೆಳಗಿನ ಟ್ರನಿಯನ್ನಿನದು (ಪಿನ್ನನ್ನು ತೋಳಿಗೆ ಸೇರಿಸುವ ಕೀಲು), ಇಲ್ಲವೇ ಶಾಕ್ ಅಬ್ಸಾರ್ಬರಿನ ಶಾಫ್ಟಿನದು. ಅಲ್ಲಾಡಿಸುವಾಗ ಒಂದೊಂದು ಕೀಲಿನ ಮೇಲೂ ಬೆರಳಿಟ್ಟರೆ ಯಾವುದು ಎಂದು ಗೊತ್ತಾಗುತ್ತದೆ. ನಂತರ ಚಕ್ರವನ್ನು ಎಡಬಲಕ್ಕೆ ಹಿಡಿದು ಅಲ್ಲಾಡಿಸಿದರೆ ಸ್ಟೀರಿಂಗನ್ನು ಚಕ್ರಕ್ಕೆ ಸೇರಿಸುವ ಟ್ರ್ಯಾಕ್ ರಾಡ್ ತುದಿಗಳು, ಸ್ಟೀರಿಂಗ್ ರ‍್ಯಾಕ್ ತಮ್ಮ ಸ್ಥಿತಿಯನ್ನು ತೋರಿಸುತ್ತವೆ.

ಟಕ್ ಎಂಬ ಸದ್ದಿಗೆ ಸಸ್ಪೆನ್ಷನ್ನೇ ಕಾರಣವೆಂದು ಮೊದಲೇ ತೀರ್ಮಾನಿಸಬೇಡಿ. ನಿಮ್ಮದು ವೈರ್ ವೀಲ್, ಹಬ್ಬಿನ ಹಲ್ಲುಗಳಿಗೆ ಕಚ್ಚಿಕೊಂಡು ಕೂರುವ ಚಕ್ರ. ಹಬ್ಬಿನ ಮೇಲಿನ ಹಲ್ಲುಗಳು ಸವೆದಿದ್ದರೆ ಬ್ರೇಕ್ ಹಿಡಿದಾಗ ಒಂದು ಟಕ್, ಮತ್ತೆ ಹೊರಟಾಗ ಇನ್ನೊಂದು ಟಕ್ ಕೇಳಿಸುತ್ತದೆ. ಬ್ರೇಕ್ ಒತ್ತಿಸಿಕೊಂಡು ಚಕ್ರವನ್ನು ತಿರುಗಿಸಲು ಯತ್ನಿಸಿ. ಹಬ್ ನಿಂತಿದ್ದು ಚಕ್ರ ಮಾತ್ರ ಕೂದಲೆಳೆಯಷ್ಟು ಜಾರಿದರೂ ಅದೇ ಕಳ್ಳ. ಅಲ್ಲಿ ಏನೂ ಇಲ್ಲದಿದ್ದರೆ ಶಾಕ್ ಅಬ್ಸಾರ್ಬರನ್ನು ಕ್ರಾಸ್‌ಮೆಂಬರಿಗೆ (ಮುಂದಿನ ಸಸ್ಪೆನ್ಷನ್ ಹೊರುವ ಅಡ್ಡ ತೊಲೆಗೆ) ಬಿಗಿದಿರುವ ನಾಲ್ಕು ಬೋಲ್ಟ್‌ಗಳನ್ನು ನೋಡಿ. ಅವು ಸಡಿಲವಾಗುವುದು ಅಪರೂಪವಲ್ಲ, ಬಿಗಿ ಮಾಡಲು ಕಾಸೂ ಬೇಕಿಲ್ಲ. ಕೊನೆಯದಾಗಿ ವಿಶ್‌ಬೋನಿನ ಒಳಬುಷ್ ಮತ್ತು ಕ್ರಾಸ್‌ಮೆಂಬರ್ ಹಾಗೂ ದೇಹದ ನಡುವಿನ ರಬ್ಬರ್ ಪ್ಯಾಡ್.

ಹಿಂದಿನ ಎಡಬದಿ ತಗ್ಗಿರುವುದಕ್ಕೂ ಒಂದು ಸರಳ ಪರೀಕ್ಷೆ ಇದೆ. ಮುಂದಿನ ಸ್ಪ್ರಿಂಗ್ ಒಂದು ಕುಸಿದಿದ್ದರೂ ಓರೆ ಹಿಂದೆ ಕಾಣಿಸಬಹುದು. ಕ್ರಾಸ್‌ಮೆಂಬರಿನ ನಟ್ಟನಡುವೆ ಟ್ರಾಲಿ ಜಾಕ್ ಕೊಟ್ಟು ಮುಂಭಾಗವನ್ನು ಎತ್ತಿ. ಕಾರು ಆ ಒಂದೇ ಬಿಂದುವಿನ ಮೇಲೆ ನಿಂತಾಗ ಎಡಬಲದ ಎತ್ತರವನ್ನು ಹಿಂದಿನ ಸ್ಪ್ರಿಂಗುಗಳೇ ನಿರ್ಧರಿಸುತ್ತವೆ. ಚಕ್ರದ ಹಬ್ಬಿನಿಂದ ಬದಿಯ ಕ್ರೋಮ್ ಪಟ್ಟಿಯವರೆಗೆ ಎರಡೂ ಕಡೆ ಅಳೆಯಿರಿ. ಓರೆ ಉಳಿದರೆ ಲೀಫ್ ಸ್ಪ್ರಿಂಗ್ ಹೋಗಿದೆ. ಸಮವಾದರೆ ದೋಷ ಮುಂದಿದೆ. ಈ ಸ್ಥಿತಿಯಲ್ಲಿ ಕಾರಿನ ಕೆಳಗೆ ಮಾತ್ರ ಹೋಗಬೇಡಿ.

ಈಗ ಕೊಳ್ಳುವ ವಿಚಾರ. ಹಣದ ಹೆಚ್ಚಿನ ಪಾಲು ಎಲ್ಲಿ ಹೋಗಬೇಕೆಂದು ಕೇಳಿದರೆ ನನ್ನ ಉತ್ತರ ಕಿಂಗ್‌ಪಿನ್ ಮತ್ತು ಮುಂದಿನ ಶಾಕ್ ಅಬ್ಸಾರ್ಬರ್. ಇವೆರಡೂ ಕೊಂಡು ತಂದು ಬೋಲ್ಟ್ ಹಾಕಿದರೆ ಮುಗಿಯುವಂಥವಲ್ಲ, ಕೈಕೆಲಸದ ಗುಣಮಟ್ಟ ಬೇಡುವಂಥವು.

ಕಿಂಗ್‌ಪಿನ್ ಎರಡು ರೀತಿಯಲ್ಲಿ ಸಿಗುತ್ತದೆ. ಪಿನ್ ಮತ್ತು ಬುಷ್‌ಗಳ ಕಿಟ್ ಅಗ್ಗ. ಆದರೆ ಬುಷ್ ಒತ್ತಿ ಕೂರಿಸಿದ ಮೇಲೆ ಮೇಲಿನದು ಮತ್ತು ಕೆಳಗಿನದು ಒಂದೇ ಗೆರೆಯಲ್ಲಿ ಬರುವಂತೆ ರೀಮರ್ (ರಂಧ್ರವನ್ನು ನಿಖರ ಅಳತೆಗೆ ಕೆರೆಯುವ ಉಪಕರಣ) ಹೊಡೆಯಬೇಕು, ಬುಷ್ಷಿನ ರಂಧ್ರ ಗ್ರೀಸ್ ದಾರಿಗೆ ಸರಿಯಾಗಿ ಎದುರಾಗಬೇಕು, ವಾಷರ್‌ಗಳನ್ನು ಆಯ್ದು ಎತ್ತರದ ಆಟ ತೆಗೆಯಬೇಕು. ಊರಿನಲ್ಲಾಗಿದ್ದರೆ ಲಾರಿ ಗ್ಯಾರೇಜುಗಳ ಸಾಲಿನಲ್ಲಿ ಈ ಕೆಲಸ ಬಲ್ಲ ಟರ್ನರ್ ಒಬ್ಬರು ಸಿಗುತ್ತಿದ್ದರು. ನಿಮ್ಮಲ್ಲಿ ಸರಿಯಾದ ಉದ್ದನೆಯ ರೀಮರ್ ಇಲ್ಲದಿದ್ದರೆ ಕಿಟ್ಟಿನ ಗೊಡವೆ ಬೇಡ. ಕಿಂಗ್‌ಪಿನ್ ಕೂರಿಸಿ ಸಿದ್ಧಪಡಿಸಿದ ಸ್ಟಬ್ ಆಕ್ಸಲನ್ನು (ಚಕ್ರ ಕೂರುವ ಗಿಡ್ಡ ಅಚ್ಚನ್ನು) ಹಳೆಯದಕ್ಕೆ ಬದಲಾಗಿ ಕೊಡುವವರಿಂದ ಎಡಬಲದ ಜೋಡಿ ತರಿಸಿ. ಬಂದಾಗ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಒಂದೇ ಸಮನಾದ ಹಿಡಿತವಿರಬೇಕು. ನಡುವೆ ಎಲ್ಲಿಯಾದರೂ ಬಿಗಿಯಾದರೆ ರೀಮರ್ ಓರೆಯಾಗಿ ಹೋಗಿದೆ ಎಂದರ್ಥ, ಹಿಂದಿರುಗಿಸಿ. ಕಾರಿಗೆ ಹಾಕುವ ಮೊದಲೇ ಗ್ರೀಸ್ ಗನ್ ಒತ್ತಿ ಎಲ್ಲ ನಿಪ್ಪಲ್‌ಗಳಿಂದಲೂ ಗ್ರೀಸ್ ಅಂಚಿಗೆ ಬರುವುದನ್ನು ಕಣ್ಣಾರೆ ನೋಡಿ.

ಕೆಳಗಿನ ಟ್ರನಿಯನ್ ಬೋಲ್ಟ್ ಬಿಚ್ಚುವಾಗ ನಿಮ್ಮ ತಾಳ್ಮೆ ಪರೀಕ್ಷೆಗೊಳಗಾಗುತ್ತದೆ. ಗ್ರೀಸ್ ಕಾಣದ ಕಾರುಗಳಲ್ಲಿ ಅದು ಒಳಗಿನ ಉಕ್ಕಿನ ಕೊಳವೆಗೆ ತುಕ್ಕಿನಿಂದ ಬೆಸೆದುಕೊಂಡಿರುತ್ತದೆ, ಗರಗಸದಿಂದ ಕೊಯ್ಯದೆ ಹೊರಬರುವುದಿಲ್ಲ. ಆ ಬೋಲ್ಟ್, ಕೊಳವೆ, ಥ್ರಸ್ಟ್ ವಾಷರ್, ಸೀಲ್ ಎಲ್ಲವನ್ನೂ ಹೊಸದಾಗಿ ಬರೆದುಕೊಳ್ಳಿ. ಜೋಡಿಸುವಾಗ ಒಂದು ವಿಷಯ ಗಮನಿಸಿ. ನಟ್ ಪೂರ್ತಿ ಬಿಗಿದ ಮೇಲೂ ಟ್ರನಿಯನ್ ಸಲೀಸಾಗಿ ತಿರುಗಬೇಕು. ಕೊಳವೆ ಅಳತೆಗಿಂತ ಕಿರಿದಾಗಿದ್ದರೆ ಬಿಗಿದೊಡನೆ ಕಚ್ಚಿಕೊಳ್ಳುತ್ತದೆ. ಈಗಿನ ಕಳಪೆ ನಕಲು ಭಾಗಗಳಲ್ಲಿ ಇದು ಕಾಣಸಿಗುವ ದೋಷ. ನಟ್ ಸಡಿಲಿಸಿ ಸರಿಹೋಯಿತೆಂದು ಬಿಡಬೇಡಿ, ಕೊಳವೆ ಬದಲಿಸಿ.

ಜೊತೆಯಲ್ಲೇ ಚಕ್ರದ ಬೇರಿಂಗ್. ಎರಡು ಬೇರಿಂಗ್‌ಗಳ ನಡುವೆ ಒಂದು ಸ್ಪೇಸರ್, ಅಂತರ ಹೊಂದಿಸುವ ತೆಳು ಬಿಲ್ಲೆಗಳಾದ ಶಿಮ್‌ಗಳು ಇರುತ್ತವೆ. ಶಿಮ್ ಹೊಂದಿಸುವ ಬೇಸರಕ್ಕೆ ಸ್ಪೇಸರನ್ನೇ ಬಿಸಾಡುವವರಿದ್ದಾರೆ. ಅದು ಸ್ಟಬ್ ಆಕ್ಸಲಿಗೆ ಬಲ ಕೊಡುವ ಭಾಗ, ಅದನ್ನು ಬಿಡುವ ಪ್ರಶ್ನೆಯೇ ಇಲ್ಲ. ಕೈಪಿಡಿ ಹೇಳುವ ಆಟ 0.002ರಿಂದ 0.004 ಇಂಚು. ಅದನ್ನು ಡಯಲ್ ಗೇಜಿನಿಂದ ಅಳೆಯಬೇಕು, ಅಂದಾಜಿಗೆ ಸಿಗುವುದಿಲ್ಲ.

ಮುಂದಿನ ಶಾಕ್ ಅಬ್ಸಾರ್ಬರಿಗೆ ಬರೋಣ. ರಿಪೇರಿಯಾದದ್ದು ಎಂದು ಮಾರುವುದರಲ್ಲಿ ಎರಡು ಜಾತಿ. ತೊಳೆದು, ಬಣ್ಣ ಬಳಿದು, ಸೀಲ್ ಬದಲಿಸಿ, ಎಣ್ಣೆ ತುಂಬಿದ್ದು ಒಂದು. ಶಾಫ್ಟ್ ಕೂರುವ ರಂಧ್ರವನ್ನು ಕೊರೆದು ಹೊಸ ಬುಷ್ ಅಥವಾ ಬೇರಿಂಗ್ ಕೂರಿಸಿದ್ದು ಇನ್ನೊಂದು. ಹೊರಗಿನಿಂದ ಎರಡೂ ಒಂದೇ ರೀತಿ ಹೊಳೆಯುತ್ತವೆ. ಶಾಫ್ಟಿನ ಆಟವೇ ಮೇಲಿನ ವಿಶ್‌ಬೋನಿನ ಆಟವಾದ್ದರಿಂದ ಮೊದಲನೆಯದು ನಿಮಗೆ ಉಪಯೋಗವಿಲ್ಲ. ಮಾರುವವರಿಗೆ ದೂರವಾಣಿ ಮಾಡಿ ಒಂದೇ ಪ್ರಶ್ನೆ ಕೇಳಿ: ಶಾಫ್ಟಿನ ಬೇರಿಂಗ್ ಬದಲಿಸುತ್ತೀರಾ? ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ. ಬಂದ ಮೇಲೆ ವೈಸಿನಲ್ಲಿ ನೇರವಾಗಿ ಹಿಡಿದು, ಎಣ್ಣೆಯ ಮಟ್ಟ ನೋಡಿ, ತೋಳನ್ನು ಮೇಲೆ ಕೆಳಗೆ ಪೂರ್ತಿ ಹತ್ತಾರು ಬಾರಿ ಆಡಿಸಿ ಗಾಳಿ ಹೊರಗೆಡವಿ. ಎಲ್ಲೂ ಖಾಲಿ ಹೊಡೆತ ಸಿಗಬಾರದು. ಎಣ್ಣೆ ಬೇಕಾದರೆ ಶಾಕ್ ಅಬ್ಸಾರ್ಬರಿನದೇ ಎಣ್ಣೆ. ಸಿಗದಿದ್ದರೆ 20 ದರ್ಜೆಯ ಮೋಟಾರ್ ಸೈಕಲ್ ಫೋರ್ಕ್ ಆಯಿಲ್ ನಡೆಯುತ್ತದೆ. ಬ್ರೇಕ್ ದ್ರವ, ಎಂಜಿನ್ ಆಯಿಲ್ ಸಲ್ಲದು.

ಟೆಲಿಸ್ಕೋಪಿಕ್ ಕಿಟ್ ಬಗ್ಗೆ ನನ್ನ ತಕರಾರು ಇಲ್ಲಿಯೇ. ಮುಂಭಾಗಕ್ಕೆ ಸಿಗುವ ಅಗ್ಗದ ಕಿಟ್‌ಗಳು ಹಳೆಯ ಲಿವರ್ ಘಟಕವನ್ನು ಮೇಲಿನ ತೋಳಾಗಿ ಹಾಗೆಯೇ ಉಳಿಸಿಕೊಂಡು, ಅದರ ಕವಾಟ ತೆಗೆದು, ಪಕ್ಕದಲ್ಲಿ ಹೊಸ ಶಾಕ್ ಅಬ್ಸಾರ್ಬರ್ ನಿಲ್ಲಿಸುತ್ತವೆ. ಸವೆದ ಶಾಫ್ಟ್ ಸವೆದೇ ಇರುತ್ತದೆ. ನೀವು ಕುಲುಕಾಟ ತಡೆಯಲು ಹಣ ಕೊಟ್ಟಿರಿ, ಅಲೆದಾಟ ಹಾಗೆಯೇ ಉಳಿಯಿತು. ಮೇಲಿನ ತೋಳನ್ನೇ ಹೊಸದಾಗಿ ಮಾಡಿಕೊಡುವ ದುಬಾರಿ ಕಿಟ್‌ಗಳು ಒಳ್ಳೆಯವು, ಆದರೆ ವಾರಾಂತ್ಯದಲ್ಲಿ ಹಳ್ಳಿ ರಸ್ತೆಗಳಲ್ಲಿ ಓಡಿಸುವವರಿಗೆ ಅಷ್ಟು ಖರ್ಚಿನ ಅಗತ್ಯ ನನಗೆ ಕಾಣುವುದಿಲ್ಲ. ಹಿಂಭಾಗದ ಮಾತು ಬೇರೆ. ಅಲ್ಲಿ ಲಿವರ್ ಘಟಕ ಕುಲುಕಾಟವನ್ನಷ್ಟೇ ತಡೆಯುತ್ತದೆ, ಆಕ್ಸಲನ್ನು ಹಿಡಿಯುವುದು ಲೀಫ್ ಸ್ಪ್ರಿಂಗ್. ಆದ್ದರಿಂದ ಹಿಂದೆ ಟೆಲಿಸ್ಕೋಪಿಕ್ ಹಾಕಿದರೆ ನನಗೆ ಬೇಸರವಿಲ್ಲ, ಹಾಕದಿದ್ದರೂ ನಿಮಗೆ ನಷ್ಟವಿಲ್ಲ.

ಬುಷ್‌ಗಳಲ್ಲಿ ನಾನು ಹೆಚ್ಚು ಹಟ ಹಿಡಿಯುವುದು ಒಂದೇ ಕಡೆ, ಕೆಳಗಿನ ವಿಶ್‌ಬೋನಿನ ಒಳತುದಿಯಲ್ಲಿ. ಮೂಲ ರೋಡ್‌ಸ್ಟರಿನಲ್ಲಿ ಅಲ್ಲಿ ಎರಡು ಅರ್ಧಗಳಾಗಿ ಬರುವ ಬರೀ ರಬ್ಬರ್. ಎಂಜಿನ್ನಿನಿಂದ ತೊಟ್ಟಿಕ್ಕುವ ಎಣ್ಣೆ ಅದರ ಮೇಲೆ ಬೀಳುತ್ತದೆ (ಬಿ ಸರಣಿಯ ಎಂಜಿನ್ ಎಣ್ಣೆ ತೊಟ್ಟಿಕ್ಕುತ್ತಿಲ್ಲವಾದರೆ ಒಳಗೆ ಎಣ್ಣೆಯೇ ಇಲ್ಲವೇನೋ ಎಂದು ನೋಡುವುದು ಒಳ್ಳೆಯದು), ರಬ್ಬರ್ ಊದಿಕೊಂಡು ಹರಿಯುತ್ತದೆ. 1973ರಲ್ಲಿ ಬಂದ ಎಂಜಿಬಿ ಜಿಟಿ ವಿ8 (ಗಟ್ಟಿ ಮೇಲ್ಛಾವಣಿಯ, ಎಂಟು ಸಿಲಿಂಡರಿನ ಎಂಜಿಬಿ) ಕಾರಿಗೆ ಕಾರ್ಖಾನೆಯವರೇ ಒಳಗೆ ಉಕ್ಕಿನ ಕೊಳವೆ ಬೆಸೆದ ರಬ್ಬರ್ ಬುಷ್ ಕೊಟ್ಟರು. ಅದು ನಿಮ್ಮ ವಿಶ್‌ಬೋನಿಗೂ ಹೊಂದುತ್ತದೆ, ಕಾರಿಗೆ ನಾಲ್ಕು ಬೇಕು. ಸ್ಟೀರಿಂಗ್ ಚುರುಕಾಗುತ್ತದೆ, ರಸ್ತೆಯ ಕಟುತನ ಒಳಗೆ ಬರುವುದಿಲ್ಲ, ದರವೂ ಕಡಿಮೆ. ಇಡೀ ಕ್ಯಾಟಲಾಗಿನಲ್ಲಿ ಕೊಟ್ಟ ಹಣಕ್ಕೆ ಇಷ್ಟು ಫಲ ಕೊಡುವ ವಸ್ತು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಪಾಲಿಯುರೆಥೇನ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಎಣ್ಣೆಗೆ ಜಗ್ಗುವುದಿಲ್ಲ, ಬಹುಕಾಲ ಬಾಳುತ್ತದೆ. ಆಂಟಿ ರೋಲ್ ಬಾರಿನ ಹಿಡಿಕೆಗಳಿಗೆ ಧಾರಾಳವಾಗಿ ಹಾಕಿ. ಆದರೆ ಕಿಟ್ ಬಂದಿದೆ ಎಂದು ಲೀಫ್ ಸ್ಪ್ರಿಂಗಿನ ಮುಂಗಣ್ಣಿಗೂ ಅದನ್ನೇ ತುರುಕಬೇಡಿ. ಕಾರು ತಿರುವಿನಲ್ಲಿ ವಾಲಿದಾಗ ಸ್ಪ್ರಿಂಗ್ ಸ್ವಲ್ಪ ತಿರುಚಿಕೊಳ್ಳಬೇಕು. ಅದಕ್ಕೆ ಬಿಡುವು ಕೊಡುವುದು ಅಲ್ಲಿನ ಮೆತ್ತನೆಯ ರಬ್ಬರ್.

ರಬ್ಬರ್ ಯಾವುದೇ ಆಗಲಿ, ಬುಷ್ಷಿನ ಬೋಲ್ಟ್‌ಗಳನ್ನು ಕಾರು ತನ್ನ ಭಾರದ ಮೇಲೆ ಚಕ್ರಗಳಲ್ಲಿ ನಿಂತಾಗಲೇ ಕೊನೆಯ ಬಿಗಿ ಮಾಡಬೇಕು. ಗಾಳಿಯಲ್ಲಿ ತೂಗಾಡುವಾಗ ಬಿಗಿದರೆ ನೆಲಕ್ಕಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಸದಾ ಎಳೆತದಲ್ಲಿರುತ್ತದೆ, ಬೇಗ ಹರಿಯುತ್ತದೆ. ಹೊಸ ಬುಷ್ ವರ್ಷದೊಳಗೆ ಹೋಯಿತೆಂದು ತಯಾರಕರನ್ನು ಬೈಯುವ ಅನೇಕರ ಕಾರಿನಲ್ಲಿ ನಿಜವಾದ ಕಾರಣ ಇದು. ಕೂರಿಸುವಾಗ ಸಾಬೂನು ನೀರು ಅಥವಾ ಸಿಲಿಕೋನ್ ಗ್ರೀಸ್ ಬಳಸಿ, ಸಾಮಾನ್ಯ ಗ್ರೀಸ್ ತಾಗಿಸಬೇಡಿ.

ತಯಾರಕರೂ ಸಾಚಾ ಅಲ್ಲ ಎನ್ನಿ. ಈಗ ಸಿಗುವ ನಕಲು ರಬ್ಬರಿನಲ್ಲಿ ಕೆಲವು ನಿಜಕ್ಕೂ ಕಳಪೆ; ಟ್ರ್ಯಾಕ್ ರಾಡ್ ತುದಿಯ ರಬ್ಬರ್ ಟೋಪಿ ಕೆಲವೇ ತಿಂಗಳಲ್ಲಿ ಬಿರಿಯುವುದುಂಟು. ಇದಕ್ಕೆ ಬೆದರಿ ಹಳೆಯ ದಾಸ್ತಾನಿನಲ್ಲಿ ಬಳಸದೆ ಉಳಿದ ಅಸಲಿ ಭಾಗಗಳನ್ನು ಹುಡುಕುವವರಿದ್ದಾರೆ. ಲೋಹದ ಭಾಗವಾದರೆ ಕಣ್ಮುಚ್ಚಿ ಕೊಳ್ಳಿ. ರಬ್ಬರ್ ಆದರೆ ಬೇಡ, ಡಬ್ಬಿಯೊಳಗೆ ಕೂತರೂ ಐವತ್ತು ವರ್ಷದ ರಬ್ಬರ್ ಐವತ್ತು ವರ್ಷದ್ದೇ.

ಸ್ಪ್ರಿಂಗ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮುಂದಿನ ಕಾಯಿಲ್ ಸ್ಪ್ರಿಂಗುಗಳನ್ನು ಹೊರತೆಗೆದು ಅಕ್ಕಪಕ್ಕ ನಿಲ್ಲಿಸಿ, ಎರಡೂ ಸಮನಾಗಿದ್ದು ಕೈಪಿಡಿಯ ಉದ್ದಕ್ಕೆ ಹೊಂದಿದರೆ ಬಣ್ಣ ಬಳಿದು ಮತ್ತೆ ಹಾಕಿ. ಬದಲಿಸಬೇಕಾದರೆ ಬರೀ ಎಂಜಿಬಿ ಎಂದು ಆರ್ಡರ್ ಕೊಡಬೇಡಿ. ಭಾರವಾದ ಜಿಟಿಯದು ಬೇರೆ, ರೋಡ್‌ಸ್ಟರಿನದು ಬೇರೆ. 1974ರ ಕೊನೆಗೆ ರಬ್ಬರ್ ಬಂಪರ್ ಬಂದಾಗ ಅಮೆರಿಕದ ನಿಯಮಕ್ಕಾಗಿ ಕಾರನ್ನೇ ಎತ್ತರಿಸಿದ್ದರಿಂದ ಆ ನಂತರದ್ದು ಇನ್ನೂ ಬೇರೆ. ತಗ್ಗಿಸುವ ಸ್ಪ್ರಿಂಗ್ ಬೇಡ. ಕ್ರೋಮ್ ಬಂಪರ್ ಕಾರು ಈಗಾಗಲೇ ತಗ್ಗಾಗಿದೆ. ಇನ್ನೂ ಇಳಿಸಿದರೆ ಪ್ರತಿ ಗುಂಡಿಯಲ್ಲೂ ಬಂಪ್ ರಬ್ಬರಿಗೆ ಬಡಿಯುತ್ತದೆ.

ಪರೀಕ್ಷೆಯಲ್ಲಿ ಲೀಫ್ ಸ್ಪ್ರಿಂಗ್ ಸೋತಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ, ಒಂದೇ ತಯಾರಕರದ್ದು. ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿಯುವ ಹೊಸ ಯು ಬೋಲ್ಟ್, ರಬ್ಬರ್ ಪ್ಯಾಡ್, ಸ್ಪ್ರಿಂಗಿನ ಹಿಂತುದಿಯ ಶ್ಯಾಕಲ್ ಬುಷ್ ಜೊತೆಗೇ ತರಿಸಿ. ಆಕ್ಸಲ್ ಮಿತಿಮೀರಿ ಕೆಳಗಿಳಿಯದಂತೆ ತಡೆಯುವ ರಬ್ಬರ್ ಪಟ್ಟಿಗಳು ಬಹುಶಃ ಹರಿದು ತೂಗಾಡುತ್ತಿರುತ್ತವೆ, ಅವನ್ನೂ ಬದಲಿಸಿ. ಹೊಸ ಪ್ಲೇಟ್ ಮೊದಲಿಗೆ ಎತ್ತರವಾಗಿ ಕಾಣುತ್ತದೆ. ಕೆಲವು ನೂರು ಮೈಲಿ ಓಡಿ ಕುಳಿತುಕೊಳ್ಳುವವರೆಗೆ ಗಾಬರಿ ಬೇಡ. ಕಡಿಮೆ ಎಲೆಗಳ ಪ್ಯಾರಾಬೋಲಿಕ್ ಸ್ಪ್ರಿಂಗ್ ಸವಾರಿಯನ್ನು ಮೃದುವಾಗಿಸುತ್ತದೆ. ಆದರೆ ಎಲೆ ಎಲೆ ಉಜ್ಜಿ ಹುಟ್ಟುವ ತಡೆ ಅದರಲ್ಲಿ ಕಡಿಮೆಯಾದ್ದರಿಂದ ಶಾಕ್ ಅಬ್ಸಾರ್ಬರ್ ಒಳ್ಳೆಯ ಸ್ಥಿತಿಯಲ್ಲಿರಲೇಬೇಕು. ದಪ್ಪನೆಯ ಆಂಟಿ ರೋಲ್ ಬಾರ್ ಮುಂದೆ ಮಾತ್ರ ಹಾಕಿದರೆ ತಿರುವಿನಲ್ಲಿ ಮೂತಿ ಹೊರಕ್ಕೆ ಒತ್ತುತ್ತದೆ. ಈಗಿರುವುದರ ಬುಷ್ ಬದಲಿಸಿ ಸಾಕು.

ಕೆಲಸದ ಕ್ರಮದಲ್ಲಿ ನನ್ನ ಸಲಹೆ, ಮುಂಭಾಗವನ್ನು ಬಿಡಿಬಿಡಿಯಾಗಿ ಬಿಚ್ಚದೆ ಕ್ರಾಸ್‌ಮೆಂಬರ್ ಸಮೇತ ಕೆಳಗಿಳಿಸಿ. ನಾಲ್ಕು ದೊಡ್ಡ ಬೋಲ್ಟ್, ಬ್ರೇಕ್ ಹೋಸ್‌ಗಳು, ಸ್ಟೀರಿಂಗ್ ಕಾಲಮ್ಮಿನ ಜೋಡಣೆ. ಆಂಟಿ ರೋಲ್ ಬಾರ್ ಇದ್ದರೆ ಅದರ ಹಿಡಿಕೆ. ಆಗ ತಟ್ಟೆಯ ತುಕ್ಕು, ಪ್ಯಾಡಿನ ಸ್ಥಿತಿ ಎಲ್ಲವೂ ಎದುರಿಗಿರುತ್ತವೆ. ಆದರೆ ಸ್ಪ್ರಿಂಗನ್ನು ಸಡಿಲಿಸುವ ಕೆಲಸವನ್ನು ಎಂಜಿನ್ನಿನ ಭಾರ ಇನ್ನೂ ಮೇಲಿದ್ದಾಗಲೇ, ತಟ್ಟೆಯ ಕೆಳಗೆ ಜಾಕ್ ಇಟ್ಟು, ನಿಧಾನವಾಗಿ ಇಳಿಸುತ್ತಾ ಮುಗಿಸಿ. ಒತ್ತಡದಲ್ಲಿರುವ ಆ ಸ್ಪ್ರಿಂಗ್ ಕೈ ಮುರಿಯಬಲ್ಲದು. ತಟ್ಟೆಗೆ ಆಸರೆ ಕೊಡದೆ ಕೆಳಗಿನ ಟ್ರನಿಯನ್ ಬೋಲ್ಟಿಗೆ ಸ್ಪ್ಯಾನರ್ ಹಾಕಲೇಬೇಡಿ.

ಬಣ್ಣದ ಬಗ್ಗೆ ಒಂದು ಮಾತು. ಪೌಡರ್ ಕೋಟಿಂಗ್ ಅಂದವಾಗಿರುತ್ತದೆ, ಎಲ್ಲರೂ ಮಾಡಿಸುತ್ತಾರೆ. ಬೋಲ್ಟ್ ಕೂರುವ ಜಾಗದಲ್ಲೂ ಶಾಕ್ ಅಬ್ಸಾರ್ಬರ್ ಕೂರುವ ಮುಖದಲ್ಲೂ ಆ ದಪ್ಪ ಪದರವನ್ನು ಕೆರೆದು ತೆಗೆಯಿರಿ. ಇಲ್ಲದಿದ್ದರೆ ಅದು ಕಾಲಕ್ರಮದಲ್ಲಿ ಅಮುಕಿಕೊಂಡು ಬೋಲ್ಟ್ ಸಡಿಲವಾಗುತ್ತದೆ, ನಿಮ್ಮ ಟಕ್ ಸದ್ದು ಹೊಸ ಭಾಗಗಳೊಡನೆ ಮರಳುತ್ತದೆ.

ಕಾನೂನಿನ ವಿಷಯ. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿನಿಂದ 40 ವರ್ಷ ದಾಟಿದ ಕಾರುಗಳಿಗೆ ವಾಹನ ರಸ್ತೆಗೆ ಯೋಗ್ಯವೇ ಎಂದು ನೋಡುವ ವಾರ್ಷಿಕ ಎಂಒಟಿ ಪರೀಕ್ಷೆಯಿಂದ ವಿನಾಯಿತಿ ಇದೆ; ಕಳೆದ 30 ವರ್ಷಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದೆಂಬುದು ಷರತ್ತು. ಸಸ್ಪೆನ್ಷನ್ನಿನ ಬಗೆಯನ್ನೇ ಬದಲಿಸುವುದು ಮಾರ್ಗಸೂಚಿಯ ಪ್ರಕಾರ ಗಣನೀಯ ಮಾರ್ಪಾಡು. ಸುರಕ್ಷತೆ ಅಥವಾ ದಕ್ಷತೆ ಹೆಚ್ಚಿಸಲು ಮಾಡಿದ ಬದಲಾವಣೆಗಳಿಗೆ ಅದರಲ್ಲಿಯೇ ರಿಯಾಯಿತಿಯೂ ಇದೆ. ಬುಷ್, ಕಿಂಗ್‌ಪಿನ್, ಅದೇ ಬಗೆಯ ಸ್ಪ್ರಿಂಗ್ ಇವುಗಳ ಬಗ್ಗೆ ಚಿಂತೆಯೇ ಬೇಡ. ಲೀಫ್ ಸ್ಪ್ರಿಂಗ್ ತೆಗೆದು ಹಿಂದೆ ಕಾಯಿಲ್ ಸ್ಪ್ರಿಂಗ್ ಕೂರಿಸುವ ಯೋಚನೆ ಎಂದಾದರೂ ಬಂದರೆ ಮೊದಲು ಮಾರ್ಗಸೂಚಿ ಓದಿ, ವಿಮೆಯವರಿಗೂ ತಿಳಿಸಿ. ವಿನಾಯಿತಿ ಇದ್ದರೂ ಕೆಲಸ ಮುಗಿದ ಮೇಲೆ ಸ್ವಂತ ಇಚ್ಛೆಯಿಂದ ಒಮ್ಮೆ ಎಂಒಟಿ ಮಾಡಿಸಿ. ಇನ್ನೊಬ್ಬರ ಕಣ್ಣು ಕೆಳಗೆ ಹಾಯುವುದು ಒಳ್ಳೆಯದು.

ಜೋಡಣೆ ಮುಗಿದು ನೂರು ಮೈಲಿ ಓಡಿದ ಮೇಲೆ ಯು ಬೋಲ್ಟ್ ಮತ್ತು ಶಾಕ್ ಅಬ್ಸಾರ್ಬರ್ ಬೋಲ್ಟ್‌ಗಳಿಗೆ ಮತ್ತೊಮ್ಮೆ ಟಾರ್ಕ್ ಸ್ಪ್ಯಾನರ್ ಹಾಕಿ, ಆಮೇಲೆ ವೀಲ್ ಅಲೈನ್‌ಮೆಂಟಿಗೆ ಹೋಗಿ. ಟೋ ಇನ್ (ಮುಂದಿನ ಚಕ್ರಗಳ ಮುಂತುದಿ ಒಳಕ್ಕೆ ತಿರುಗಿರುವ ಅಳತೆ) 1/16ರಿಂದ 3/32 ಇಂಚು ಇಡಿಸಿ. ಈ ಕಾರಿನಲ್ಲಿ ಹೊಂದಿಸಲು ಬರುವುದು ಟೋ ಮಾತ್ರ. ಆದರೂ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ), ಕ್ಯಾಸ್ಟರ್ (ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ) ಎರಡನ್ನೂ ಅಳೆದು ಕಾಗದ ಕೊಡಲು ಹೇಳಿ. ಎಡಕ್ಕೂ ಬಲಕ್ಕೂ ಕ್ಯಾಂಬರ್ ವ್ಯತ್ಯಾಸ ಎದ್ದು ಕಂಡರೆ ಒಂದು ವಿಶ್‌ಬೋನ್ ಬಾಗಿದೆ ಅಥವಾ ತಪ್ಪು ಭಾಗ ಬಂದಿದೆ ಎಂದರ್ಥ. ಕ್ಯಾಸ್ಟರ್ ಮೂಲದಲ್ಲಿ 7 ಡಿಗ್ರಿ, ಸ್ಟೀರಿಂಗ್ ಭಾರವಾಗಿರುವುದಕ್ಕೆ ಅದೂ ಒಂದು ಕಾರಣ. ಕ್ರಾಸ್‌ಮೆಂಬರಿನ ಮೇಲೆ ಬೆಣೆ ಕೊಟ್ಟು ಅದನ್ನು ಇಳಿಸುವ ಕಿಟ್ ಇದೆ. ಒಂದು ಬೇಸಿಗೆ ಓಡಿಸಿ ನೋಡಿ, ಆಮೇಲೂ ಕೈ ನೋಯುತ್ತಿದ್ದರೆ ಅದನ್ನು ತರಿಸಿ. ಅಲ್ಲಿಯವರೆಗೆ ಪ್ರತಿ 3000 ಮೈಲಿಗೆ ಕಿಂಗ್‌ಪಿನ್ನಿಗೆ ಗ್ರೀಸ್ ಹೊಡೆಯಿರಿ, ಜಾಕ್ ಕೊಟ್ಟು ಚಕ್ರ ನೆಲ ಬಿಟ್ಟಿದ್ದಾಗ. ಹಳೆಯ ಸ್ಟಬ್ ಆಕ್ಸಲ್‌ಗಳನ್ನು, ಹೊಸವು ಬಂದ ಡಬ್ಬಿಯಲ್ಲೇ ಹಾಕಿ, ಮರೆಯದೆ ಹಿಂದಿರುಗಿಸಿ. ಹಳೆಯವು ಮರಳುವವರೆಗೆ ಮಾರುವವರು ಹಿಡಿದಿಡುವ ಠೇವಣಿ ಹಣ ಸಣ್ಣದಲ್ಲ.